ನಾನು ಅಂಬಾಸಿಡರ್ ಆಗಿರಲಿಲ್ಲ

ಕಳೆದ ತಿಂಗಳು ಅಣ್ಣನ ಮಗಳ ಮದುವೆ ಮಾತುಕತೆಗೆ ಸಂಕೇಶ್ವರಕ್ಕೆ ಹೋಗಿದ್ದೆವು. ಬೀಗರ ಪಡಸಾಲೆಯಲ್ಲಿ ಚಹಾ ಬಂತು, ಚೂಡಾ ಬಂತು, ಆಮೇಲೆ ಪರಿಚಯ ಶುರುವಾಯಿತು. ನನ್ನ ಸರದಿ ಬಂದಾಗ ಅಣ್ಣ ಎದೆ ಉಬ್ಬಿಸಿ ಹೇಳಿಬಿಟ್ಟ: "ಇಂವಾ ನಮ್ಮ ತಮ್ಮ. ಫಾರಿನ್‌ದಾಗ ಅಂಬಾಸಿಡರ್ ಇದ್ದ."

ಮೂಲೆಯಲ್ಲಿ ಎಲೆ ಅಡಿಕೆ ಮಡಚುತ್ತಿದ್ದ ಅಜ್ಜ ಒಬ್ಬರು ತಲೆಯೆತ್ತಿದರು. "ಛಲೋ ಗಾಡಿ ನೋಡ್ರಿ ಅದು. ನಮ್ಮ ಸಾಹುಕಾರ ಮನ್ಯಾಗೂ ಒಂದಿತ್ತು. ನೀವು ಸ್ವಂತ ಹೊಡೀತಿದ್ರೋ, ಸಾಹೇಬ್ರಿಗೆ ಹೊಡೀತಿದ್ರೋ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅಣ್ಣನ ಮಾತಿಗಿಂತ ಅಜ್ಜನ ಮಾತೇ ಸತ್ಯಕ್ಕೆ ಹತ್ತಿರ ಇತ್ತು. ಸಾಹೇಬರ ಗಾಡಿ ಹೊಡೆದಿಲ್ಲ, ಸಾಹೇಬರ ಕಾಗದ ಹೊಡೆದಿದ್ದೇನೆ. ಟೈಪ್‌ರೈಟರ್‌ನಲ್ಲಿ ಶುರು ಮಾಡಿ, ಕಂಪ್ಯೂಟರ್‌ನಲ್ಲಿ ಮುಗಿಸಿದೆ. 1988ರಿಂದ 2023ರವರೆಗೆ 35 ವರ್ಷ.

ನಮ್ಮೂರು ನಿಪ್ಪಾಣಿ. ಅಪ್ಪ ತಂಬಾಕಿನ ವಖಾರದಲ್ಲಿ ಲೆಕ್ಕ ಬರೆಯುತ್ತಿದ್ದರು. ಸಂಜೆ ಅವರು ಮನೆಗೆ ಬಂದರೆ ಅಂಗಿಯ ಘಾಟಿಗೆ ನಾವೆಲ್ಲ ಸೀನುತ್ತಿದ್ದೆವು. ಮುಂದೆ ವಿದೇಶಾಂಗ ಇಲಾಖೆ ಸೇರಿದ ಮೇಲೆ ಒಂದು ಸಂಗತಿ ಓದಿದೆ. ಅಕ್ಬರ್ ಬಾದಶಹನ ರಾಯಭಾರಿ ಅಸದ್ ಬೇಗ್ ಅನ್ನುವವನು ವಿಜಯಪುರದ ಇಬ್ರಾಹಿಂ ಆದಿಲಶಾಹಿಯ ಆಸ್ಥಾನಕ್ಕೆ ಬಂದಿದ್ದ. 1604ರ ಸುಮಾರಿಗೆ ತಿರುಗಿ ಹೋಗುವಾಗ ಅಲ್ಲಿಂದ ತಂಬಾಕನ್ನೂ ಅಂದವಾದ ಒಂದು ಕೊಳವೆಯನ್ನೂ ಒಯ್ದು ಬಾದಶಹನ ಮುಂದಿಟ್ಟ. ಅಕ್ಬರ್ ಒಂದೆರಡು ದಮ್ಮು ಎಳೆದೂ ನೋಡಿದ. ಹಕೀಮರು ಬೇಡ ಬೇಡ ಅಂದರಂತೆ. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ತೂಕ ಇತ್ತಂತ?"

ಸರಿ, ನನ್ನ ಕೆಲಸ. ಐಎಫ್‌ಎಸ್, ಅಂದರೆ ಭಾರತೀಯ ವಿದೇಶಾಂಗ ಸೇವೆ, ಅಂದ ಕೂಡಲೇ ಜನ ಯುಪಿಎಸ್‌ಸಿ ಪಾಸಾದ ಸಾಹೇಬರನ್ನು ನೆನೆಯುತ್ತಾರೆ. ಅವರು ಥರ್ಡ್ ಸೆಕ್ರೆಟರಿಯಿಂದ ಶುರು ಮಾಡಿ ರಾಯಭಾರಿ ಆಗುತ್ತಾರೆ. ಅವರ ಕೆಳಗೆ ಐಎಫ್‌ಎಸ್ 'ಬಿ' ಅಂತ ಇನ್ನೊಂದು ದಂಡು ಇದೆ. ನಾನು ಆ ದಂಡಿನವನು. ಸ್ಟಾಫ್ ಸೆಲೆಕ್ಷನ್ ಪರೀಕ್ಷೆ ಬರೆದು ಅಸಿಸ್ಟೆಂಟ್ ಆಗಿ ಸೇರಿದೆ. ಮೊದಮೊದಲು ನನ್ನ ಹತ್ತಿರ ಇದ್ದದ್ದು ಬಿಳಿ ರಟ್ಟಿನ ಅಫೀಶಿಯಲ್ ಪಾಸ್‌ಪೋರ್ಟ್. ಎಷ್ಟೋ ವರ್ಷ ಕಳೆದು ಅಟಾಶೆ, ಅಂದರೆ ಎಂಬೆಸಿಯ ಕಿರಿಯ ಅಧಿಕಾರಿ, ಆದಾಗ ಕೆಂಗಂದು ಬಣ್ಣದ ಡಿಪ್ಲೊಮ್ಯಾಟಿಕ್ ಪಾಸ್‌ಪೋರ್ಟ್ ಸಿಕ್ಕಿತು. ಅವ್ವ ಅದನ್ನು ದೇವರ ಜಗಲಿ ಮೇಲಿಟ್ಟು ಕುಂಕುಮ ಹಚ್ಚಿಬಿಟ್ಟಳು. ವಾರ ಪೂರ್ತಿ ಒದ್ದೆ ಹತ್ತಿಯಿಂದ ಒರೆಸಿದೆ.

ಆ ಪಾಸ್‌ಪೋರ್ಟ್ ಇದ್ದರೆ ಏನು ಮಾಡಿದರೂ ನಡೆಯುತ್ತದೆ ಅಂತ ನಮ್ಮ ಕಡೆ ಒಂದು ನಂಬಿಕೆ. 1961ರ ವಿಯೆನ್ನಾ ಒಪ್ಪಂದ ರಾಜತಾಂತ್ರಿಕರಿಗೆ ರಕ್ಷಣೆ ಕೊಟ್ಟಿದೆ ನಿಜ. ಅವರನ್ನು ಬಂಧಿಸುವ ಹಾಗಿಲ್ಲ, ಅವರ ಡಿಪ್ಲೊಮ್ಯಾಟಿಕ್ ಬ್ಯಾಗ್ ಬಿಚ್ಚುವ ಹಾಗಿಲ್ಲ. ಅದೇ ಒಪ್ಪಂದದ 41ನೇ ವಿಧಿ, ಇರುವ ದೇಶದ ಕಾನೂನು ಪಾಲಿಸಬೇಕು ಅಂತಲೂ ಹೇಳುತ್ತದೆ. ಅದನ್ನು ಯಾರೂ ನೆನಪಿಡುವುದಿಲ್ಲ. ಬ್ಯಾಗಂತೂ ಅವ್ವನಿಗೆ ಬಹಳ ಇಷ್ಟವಾದ ವಿಷಯ. "ಯಾರೂ ಬಿಚ್ಚಂಗಿಲ್ಲ ಅಂದ್ರ ಶೇಂಗಾ ಹಿಂಡಿ ಕಳಸಾಕ ಏನ್ ತ್ರಾಸ?" ಅನ್ನುತ್ತಿದ್ದಳು. ಅದರಲ್ಲಿ ಸರ್ಕಾರಿ ಕಾಗದಗಳ ಜೊತೆ ನಮ್ಮ ಮನೆಯ ಪತ್ರಗಳೂ ಬರುತ್ತಿದ್ದವು. ಹಿಂಡಿ ಬರಲಿಲ್ಲ.

ಪತ್ರ ಅಂದಾಗ ನೆನಪಾಯಿತು. ಒಂದು ಎಂಬೆಸಿ ಅಲ್ಲಿಯ ವಿದೇಶಾಂಗ ಸಚಿವಾಲಯಕ್ಕೆ ಬರೆಯುವ ಕಾಗದಕ್ಕೆ ನೋಟ್ ವರ್ಬಾಲ್ ಅಂತಾರೆ. ಅದಕ್ಕೆ ಸಹಿ ಇರುವುದಿಲ್ಲ. ಮೊಹರು, ಪಕ್ಕದಲ್ಲಿ ಒಂದು ಚಿಕ್ಕ ಗೀಟು, ಅಷ್ಟೇ. ಶುರುವಿಗೆ ನಮ್ಮ ಕಚೇರಿ ನಿಮಗೆ ವಂದನೆ ಸಲ್ಲಿಸುತ್ತದೆ ಅಂತ ಇರಬೇಕು. ಕೊನೆಗೆ ನಿಮ್ಮ ಮೇಲಿನ ಅತಿ ಹೆಚ್ಚಿನ ಗೌರವವನ್ನು ಮತ್ತೊಮ್ಮೆ ತಿಳಿಸಲು ಈ ಅವಕಾಶ ಬಳಸಿಕೊಳ್ಳುತ್ತದೆ ಅಂತ ಇರಬೇಕು. ನಡುವೆ ಏನಾದರೂ ಇರಲಿ, ಜಗಳವೇ ಇರಲಿ. ಮೊದಲ ಸಲ ಟೈಪ್ ಮಾಡಿದಾಗ ನನಗೆ ಅಜ್ಜನ ಪತ್ರಗಳು ಕಣ್ಣ ಮುಂದೆ ಬಂದವು. "ಉಭಯ ಕುಶಲೋಪರಿ ಸಾಂಪ್ರತ" ಅಂತ ಶುರು ಮಾಡಿ, ಹೊಲದ ಬದುವಿನ ವಿಷಯದಲ್ಲಿ ತಮ್ಮನಿಗೆ ನಾಲ್ಕು ಬೈದು, "ಇಂತಿ ನಿನ್ನ ಹಿತಚಿಂತಕ" ಅಂತ ಮುಗಿಸುತ್ತಿದ್ದ. ವಿಯೆನ್ನಾದವರು ಇದನ್ನೇ ಕಲಿತಿರಬೇಕು.

ಸೂಟು, ಪಾರ್ಟಿ, ಬಾವುಟದ ಕಾರು ಎಲ್ಲ ಇರುತ್ತವೆ. ಜನವರಿ 26ಕ್ಕೆ ಬೆಳಿಗ್ಗೆ ಧ್ವಜ ಏರಿಸಿ ರಾಯಭಾರಿಗಳು ರಾಷ್ಟ್ರಪತಿಗಳ ಭಾಷಣ ಓದುತ್ತಾರೆ. ಸಂಜೆ ಪಾರ್ಟಿ. ನಮಗೆ ಆ ಹೊತ್ತಿನಲ್ಲಿ ಕುರ್ಚಿ ಎಣಿಸುವ ಕೆಲಸ. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಹೇಳಬೇಕಾದ್ದು ಹೆಸರುಗಳ ಬಗ್ಗೆ. ಈ ನೌಕರಿಯಲ್ಲಿ ನಾನು ನಿಜವಾಗಿ ಮಾಡಿದ್ದು ಅದೊಂದೇ. ಕಾಗದದ ಮೇಲಿನ ಹೆಸರೂ ಮನುಷ್ಯನೂ ಒಂದೇ ಹೌದೋ ಅಲ್ಲವೋ ನೋಡುವುದು.

ಶುರುವಾದದ್ದು 1990ರ ಆಗಸ್ಟ್‌ನಲ್ಲಿ. ಇರಾಕ್ ಕುವೈತಿಗೆ ನುಗ್ಗಿತ್ತು. ಅಲ್ಲಿದ್ದ ಸುಮಾರು 1,70,000 ಭಾರತೀಯರನ್ನು ಕರೆತರಬೇಕಿತ್ತು. ಹೆಚ್ಚಿನವರು ಜೋರ್ಡಾನಿನ ಅಮ್ಮಾನ್‌ವರೆಗೆ ಬಂದು ಅಲ್ಲಿಂದ ಏರ್ ಇಂಡಿಯಾ ವಿಮಾನ ಹತ್ತಿದರು. ನಾನು ದೆಹಲಿಯಲ್ಲಿ ಫೋನಿನ ಮುಂದೆ ಕೂತವನು. ಕನ್ನಡವೂ ಮರಾಠಿಯೂ ಬರುತ್ತದೆ ಅಂತ ರಾತ್ರಿ ಪಾಳಿ ಕೊಟ್ಟಿದ್ದರು. "ನನ್ನ ಗಂಡನ ಹೆಸರು ಪಟ್ಟಿಯಲ್ಲಿ ಇದೆಯಾ ನೋಡ್ರಿ" ಅಂತ ಹೆಂಗಸರು ಕೇಳೋರು. ಹೆಸರೇನು ಅಂದರೆ ಸುಮ್ಮನಾಗೋರು. ಗಂಡನ ಹೆಸರು ಹೇಳುವ ರೂಢಿ ಇಲ್ಲ ಅಲ್ವಾ? ಪಕ್ಕದಲ್ಲಿದ್ದ ಮಗುವಿನ ಕೈಗೆ ಫೋನು ಕೊಟ್ಟು ಹೇಳಿಸೋರು. ಮಗು "ಪಪ್ಪಾ" ಅನ್ನೋದು. ಪಪ್ಪಾ ಅಂತ ಪಟ್ಟಿಯಲ್ಲಿ ಎಲ್ಲಿ ಹುಡುಕೋದು?

1995ರಲ್ಲಿ ವಾರ್ಸಾಕ್ಕೆ ಹಾಕಿದರು. ಪೋಲೆಂಡ್. ಜನವರಿಯಲ್ಲಿ ಮೈನಸ್ ಹದಿನೈದು. ಸರಂಜಾಮಿನ ಜೊತೆ ಹೆಂಡತಿ ಇಪ್ಪತ್ತು ಕಿಲೋ ಜೋಳದ ಹಿಟ್ಟು ಕಟ್ಟಿಕೊಂಡು ಬಂದಿದ್ದಳು. ದಿನಾ ಸಂಜೆ ರೊಟ್ಟಿ ಬಡಿಯುವುದು. ನಾಲ್ಕನೇ ದಿನಕ್ಕೆ ಕೆಳಗಿನ ಮನೆಯ ಮುದುಕ ಬಾಗಿಲು ತಟ್ಟಿದ. ಅವನ ಭಾಷೆ ನಮಗೆ ಬಾರದು. ಅಂಗೈಯಿಂದ ಗೋಡೆಗೆ ಪಟಪಟ ಬಡಿದು ತೋರಿಸಿ, ಎರಡೂ ಕಿವಿ ಮುಚ್ಚಿಕೊಂಡ. ಹೆಂಡತಿ ಒಳಗೆ ಹೋಗಿ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ತಂದು ಕೈಗಿಟ್ಟಳು. ಅಲ್ಲೇ ನಿಂತು ತಿಂದ. ಮುಂದೆ ಸಪ್ಪಳದ ತಕರಾರು ಬರಲಿಲ್ಲ. ಒಂದು ವಾರ ಹಿಟ್ಟು ಉಳಿಸೋಣ ಅಂತ ಅನ್ನ ಮಾಡಿದಾಗ ಮಾತ್ರ ಬಂದು ಗೋಡೆ ಬಡಿದು "ಯಾಕಿಲ್ಲ?" ಅನ್ನುವ ಹಾಗೆ ಕೈ ತಿರುಗಿಸಿದ.

ಅಲ್ಲಿ ನಾನು ವೀಸಾ ಕಿಟಕಿಯ ಹಿಂದೆ. ಫಾರ್ಮಿನಲ್ಲಿ ಒಂದು ಸಾಲು ಇತ್ತು: ಹಿಂದೆ ಭಾರತಕ್ಕೆ ಬಂದಿದ್ದೀರಾ, ಯಾವಾಗ? ಜನ ಸಾಮಾನ್ಯವಾಗಿ ಖಾಲಿ ಬಿಡೋರು. 1996ರಲ್ಲಿ ಒಬ್ಬ ಅಮ್ಮ, ಅರವತ್ತರ ಆಸುಪಾಸು, ಆ ಜಾಗದಲ್ಲಿ ಬರೆದಿದ್ದರು: 1943–1948. ಜನ್ಮದಿನದ ವಿಷಯ ಅಂತ ತಿಳಿದು ತಪ್ಪು ತುಂಬಿರಬೇಕು ಅಂದುಕೊಂಡು ಫಾರ್ಮು ವಾಪಸ್ ತಳ್ಳಿದೆ. ಅವರು ಅದನ್ನು ಮತ್ತೆ ನನ್ನ ಕಡೆ ತಳ್ಳಿದರು. ಬೆರಳಿಟ್ಟು ಹೇಳಿದರು: "ವಳಿವಡೆ. ಕೊಲ್ಹಾಪುರ."

ನನ್ನ ಕಿವಿ ನನಗೇ ನಂಬಲಾಗಲಿಲ್ಲ. ಕೊಲ್ಹಾಪುರ ನಮ್ಮೂರಿಂದ 40 ಕಿಲೋಮೀಟರ್. ನಮ್ಮ ಆಸ್ಪತ್ರೆ, ನಮ್ಮ ಸಿನಿಮಾ, ನಮ್ಮ ಮಹಾಲಕ್ಷ್ಮಿ ಎಲ್ಲಾ ಅಲ್ಲೇ. ಆದರೆ ವಳಿವಡೆಯಲ್ಲಿ ಪೋಲೆಂಡಿನವರು ಇದ್ದರು ಅಂತ ಯಾರೂ ನನಗೆ ಹೇಳಿರಲಿಲ್ಲ. ಅವರ ಮಾತನ್ನು ನಮ್ಮ ಕಚೇರಿಯ ಪೋಲಿಷ್ ಹುಡುಗಿ ಅನುವಾದ ಮಾಡಿ ಹೇಳಿದಳು. ಹಿಂದೆ ಜನ ಸಾಲು ಕಟ್ಟಿದ್ದರು. ನಾನು ಕಿಟಕಿ ಮುಚ್ಚಲಿಲ್ಲ, ಕೇಳುತ್ತಾ ಕೂತೆ.

1940ರಲ್ಲಿ ರಷ್ಯನ್ನರು ಪೂರ್ವ ಪೋಲೆಂಡಿನ ಲಕ್ಷಾಂತರ ಜನರನ್ನು ರೈಲಿಗೆ ತುಂಬಿ ಸೈಬೀರಿಯಾ ಕಡೆ ಸಾಗಿಸಿದ್ದರು. ಮರುವರ್ಷ ಜರ್ಮನಿ ರಷ್ಯಾದ ಮೇಲೆ ಬಿದ್ದಾಗ ಇವರಿಗೆ ಬಿಡುಗಡೆ ಸಿಕ್ಕಿತು. ಬದುಕಿದವರು ಇರಾನಿಗೆ ಇಳಿದರು. ಅಲ್ಲಿಂದ ಕೆಲವರು ಭಾರತಕ್ಕೆ. ಜಾಮನಗರದ ಮಹಾರಾಜರು ಮಕ್ಕಳನ್ನು ಬಾಲಾಚಡಿಯಲ್ಲಿ ಇರಿಸಿಕೊಂಡರು. ದೊಡ್ಡ ಬಿಡಾರ ಎದ್ದದ್ದು ಕೊಲ್ಹಾಪುರದ ಹತ್ತಿರ ವಳಿವಡೆಯಲ್ಲಿ. ಸುಮಾರು 5,000 ಜನ, ಹೆಚ್ಚಿನವರು ಹೆಂಗಸರು, ಮಕ್ಕಳು. ಅವರದೇ ಶಾಲೆ, ಅವರದೇ ಚರ್ಚು. ಈ ಅಮ್ಮ ಬಂದಾಗ ಏಳು ವರ್ಷದ ಹುಡುಗಿ, ಹೋದಾಗ ಹನ್ನೆರಡು.

ನಾನು ಅಲ್ಲಿಯವನೇ ಅಂತ ಗೊತ್ತಾದ ಮೇಲೆ ಅವರು ಗಾಜಿಗೆ ಮುಖ ಹತ್ತಿರ ತಂದು, ಒಂದೊಂದೇ ಶಬ್ದ ಹುಡುಕಿ ಹೇಳಿದರು. "ಪಾಣೀ." ಆಮೇಲೆ "ಚಲಾ, ಚಲಾ." ಕೊನೆಗೆ, ತುಂಬಾ ಹೊತ್ತು ಯೋಚಿಸಿ, "ಭಾಕರಿ." ಹೇಳಿ ಅಂಗೈಗೆ ಅಂಗೈ ತಟ್ಟಿ ತೋರಿಸಿದರು.

ವೀಸಾ ಶುಲ್ಕ ಕಟ್ಟಿ, ರಸೀದಿ ತಗೊಂಡು ಹೋದರು. ಆಮೇಲೆ ನಾನು ಅವರನ್ನು ನೋಡಲಿಲ್ಲ. ಅಪ್ಪನಿಗೆ ಪತ್ರ ಬರೆದೆ. ಅಪ್ಪ ಉತ್ತರಿಸಿದರು: "ಹೌದು, ನಾನು ಸಣ್ಣವನಿದ್ದಾಗ ಕೊಲ್ಹಾಪುರ ಸಂತೆಯಲ್ಲಿ ಅವರನ್ನು ನೋಡಿದ್ದೇನೆ. ಇಂಗ್ಲಿಷರಲ್ಲ, ಬೇರೆ ಬಿಳಿ ಮಂದಿ ಅಂತಿದ್ದರು. ಬದನೆಕಾಯಿಗೆ ಬಹಳ ಚೌಕಾಸಿ ಮಾಡುತ್ತಿದ್ದರು. ಈಗ ಅದಕ್ಕೇ ಗಾಂಧಿನಗರ ಅನ್ನುವುದು."

ಗಾಂಧಿನಗರ! ಬೆಳಗಾವಿ ಜಿಲ್ಲೆಯ ಯಾವ ಹೆಂಗಸನ್ನು ಬೇಕಾದರೂ ಕೇಳಿ. ಮದುವೆ ಜವಳಿ ಅಂದರೆ ಕೊಲ್ಹಾಪುರದ ಗಾಂಧಿನಗರ. ಹೋಲ್‌ಸೇಲ್ ಸೀರೆ, ಶರ್ಟಿನ ಬಟ್ಟೆ, ಉಡುಗೊರೆ ಟವೆಲ್ಲು. ಪೋಲಿಷರು ಹೋದ ಮೇಲೆ ಅದೇ ಬಿಡಾರಕ್ಕೆ ದೇಶ ವಿಭಜನೆಯಲ್ಲಿ ಮನೆ ಕಳಕೊಂಡ ಸಿಂಧಿಗಳು ಬಂದರು. ನನ್ನ ಮದುವೆಯ ಧೋತರವೂ ಅಲ್ಲಿಯದೇ. ನಾನು ಹತ್ತಾರು ಸಲ ನಡೆದಾಡಿದ ಜಾಗದ ಇನ್ನೊಂದು ಹೆಸರನ್ನು ವಾರ್ಸಾದ ಕಿಟಕಿಯಲ್ಲಿ ಕೂತು ಕೇಳಬೇಕಾಯಿತು.

ಈಗ ಕೊಲ್ಹಾಪುರದ ಮಹಾವೀರ ಗಾರ್ಡನ್‌ನಲ್ಲಿ ಅವರ ನೆನಪಿನ ಕಂಬ ಇದೆ. ವಾರ್ಸಾದಲ್ಲೂ ಕೊಲ್ಹಾಪುರದ ಹೆಸರಿನ ಸ್ಮಾರಕ ಇದೆ. 2024ರ ಆಗಸ್ಟ್‌ನಲ್ಲಿ ಪ್ರಧಾನಿ ಅಲ್ಲಿ ಹೂವಿಟ್ಟಿದ್ದನ್ನು ಟಿವಿಯಲ್ಲಿ ನೋಡಿದೆ. ಅಣ್ಣನ ಮಗಳ ಈ ಮದುವೆಗೂ ವೈನಿ ಜೊತೆ ಗಾಂಧಿನಗರಕ್ಕೆ ಹೋಗಿದ್ದೆ. ಅವರು ಸೀರೆ ಆರಿಸುವಾಗ ನಾನು ಹೊರಗೆ ನಿಂತು ಹಳೆಯ ಗೋಡೆ ಏನಾದರೂ ಕಾಣುತ್ತದೋ ಅಂತ ಓಣಿ ಓಣಿ ಇಣುಕಿದೆ. ಏನೂ ಕಾಣಲಿಲ್ಲ. ವೈನಿಗೆ ಸಿಟ್ಟು ಬಂತು, "ಚೀಲ ಹಿಡಿಯಾಕ ಕರಕೊಂಡು ಬಂದ್ರ ನೀವ್ ಗ್ವಾಡಿ ನೋಡ್ಕೋತ ಹೊಂಟೀರಿ."

ವಾರ್ಸಾ ಆದ ಮೇಲೆ ದೆಹಲಿ, ಆಮೇಲೆ ಟಾಂಜಾನಿಯಾದ ದಾರ್ ಎಸ್ ಸಲಾಮ್. ಅದು ಕಾಮನ್‌ವೆಲ್ತ್ ದೇಶ, ಹಾಗಾಗಿ ಅಲ್ಲಿ ಎಂಬೆಸಿ ಅನ್ನುವುದಿಲ್ಲ, ಹೈ ಕಮಿಷನ್ ಅನ್ನುತ್ತಾರೆ. ಕೆಲಸ ಅದೇ, ಬೋರ್ಡು ಬೇರೆ. ಮಕ್ಕಳಿಗೆ ಮಲೇರಿಯಾ ಬಂತು, ವಾಸಿಯಾಯಿತು.

2009ರ ಕೊನೆಗೆ ಒಮಾನಿನ ಮಸ್ಕತ್. ಅಲ್ಲಿಗೆ ನಾನು ಕಾನ್ಸುಲರ್ ವಿಭಾಗದ ಅಟಾಶೆ. ಅಂದರೆ ಅಲ್ಲಿರುವ ನಮ್ಮ ಜನರ ಕಷ್ಟ, ಕಾಗದಪತ್ರ ನೋಡುವ ವಿಭಾಗ. ಅಲ್ ಖುವೈರ್‌ನಲ್ಲಿ ಎಂಬೆಸಿಗಳು ಸಾಲಾಗಿ ಇವೆ, ಅದರಲ್ಲಿ ನಮ್ಮದೂ ಒಂದು. ಬೇಸಿಗೆಯಲ್ಲಿ ಬೆಳಿಗ್ಗೆ ಏಳಕ್ಕೇ ಜನ ಗೋಡೆಯ ನೆರಳು ಹುಡುಕಿ ನಿಂತಿರೋರು. ಸಂಬಳ ಸಿಗದವರು, ಪಾಸ್‌ಪೋರ್ಟ್ ಮಾಲೀಕನ ಹತ್ತಿರ ಬಿಟ್ಟು ಓಡಿಬಂದವರು, ಮಗು ಹುಟ್ಟಿದೆ ಅಂತ ನೋಂದಾಯಿಸಲು ಪೇಡೆ ಹಿಡಿದು ಬಂದವರು. ನವೆಂಬರ್ ಬಂದರೆ ಮಕ್ಕಳ ಮನೆಗೆ ಬಂದ ಪಿಂಚಣಿದಾರರು "ನಾನು ಬದುಕಿದ್ದೇನೆ ಅಂತ ಬರೆದು ಕೊಡಿ" ಅಂತ ಬರೋರು. ಪಾಸ್‌ಪೋರ್ಟೇ ಇಲ್ಲದವರಿಗೆ ಊರಿಗೆ ಹೋಗಲು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಿದ್ದೆವು. ಅದು ಒಂದೇ ದಾರಿಯ ಕಾಗದ, ಹೋಗಲಿಕ್ಕೆ ಮಾತ್ರ.

ಇಲ್ಲೂ ಹೆಸರಿನ ರಗಳೆ. ನಮ್ಮ ಕಡೆ ಒಬ್ಬ ಬಸವರಾಜ ಇದ್ದಾನೆ ಅನ್ನಿ. ಶಾಲೆಯ ಹಾಜರಿಯಲ್ಲಿ ಬಸಪ್ಪ, ರೇಷನ್ ಕಾರ್ಡಿನಲ್ಲಿ ಬಸವಣ್ಣೆಪ್ಪ, ಓಣಿಯಲ್ಲಿ ಬಸ್ಯಾ. ಪಾಸ್‌ಪೋರ್ಟ್ ಫಾರ್ಮು ತುಂಬಿದ ಏಜೆಂಟನಿಗೆ ಅಡ್ಡಹೆಸರು ಯಾವುದು, ಅಪ್ಪನ ಹೆಸರು ಯಾವುದು ಅಂತ ತಿಳಿಯದೆ ಎಲ್ಲಾ ಸೇರಿಸಿ ಹೊಡೆದಿರುತ್ತಾನೆ. ಒಮಾನಿನವರು ಅದನ್ನು ಅರಬ್ಬಿಗೆ ಇಳಿಸುವಾಗ 'ಪ' ಇಲ್ಲವಾಗಿ 'ಬ' ಆಗುತ್ತದೆ. ಬಸಬ್ಬ!

ಒಬ್ಬನ ವಿಷಯ ಹೇಳುತ್ತೇನೆ. ಹುಕ್ಕೇರಿ ತಾಲೂಕಿನ ಹಳ್ಳಿಯವನು, ಗೌಂಡಿ ಕೆಲಸ, 34 ವರ್ಷ. ಒಂದು ಸೋಮವಾರ ರಾತ್ರಿ ಲೇಬರ್ ಕ್ಯಾಂಪಿನಲ್ಲಿ ಮಲಗಿದವನು ಏಳಲಿಲ್ಲ. ಹೃದಯಾಘಾತ ಅಂತ ಆಸ್ಪತ್ರೆ ಬರೆಯಿತು.

ಹೆಣವನ್ನು ಊರಿಗೆ ಕಳಿಸಲು ಆಸ್ಪತ್ರೆಯ ಮರಣ ಪತ್ರ, ಪೊಲೀಸರ ಅನುಮತಿ, ಎಂಬಾಮಿಂಗ್ (ಹೆಣ ಕೆಡದಂತೆ ಔಷಧಿ ಏರಿಸುವುದು) ಮಾಡಿದ ಪ್ರಮಾಣಪತ್ರ, ಮನೆಯವರ ಒಪ್ಪಿಗೆ ಪತ್ರ, ರದ್ದು ಮಾಡಿದ ಪಾಸ್‌ಪೋರ್ಟ್ ಬೇಕು. ಇದೆಲ್ಲಾ ನೋಡಿ ನಾವು ಆಕ್ಷೇಪಣೆ ಇಲ್ಲ ಅಂತ ಪತ್ರ ಕೊಡುತ್ತೇವೆ. ಆಮೇಲೆ ವಿಮಾನದ ಕಾರ್ಗೋ. ಪಾಸ್‌ಪೋರ್ಟ್ ರದ್ದು ಮಾಡುವುದು ಅಂದರೆ ಅದರ ಮೂಲೆ ಕತ್ತರಿಸಿ ಮೊಹರು ಹೊಡೆಯುವುದು. ಕತ್ತರಿಯ ಆ ಕಚಕ್ ಸದ್ದು ನನಗೆ ಯಾವತ್ತೂ ರೂಢಿ ಆಗಲಿಲ್ಲ.

ಅವನ ಅಪ್ಪ ಫೋನಿನಲ್ಲಿ ಸಿಕ್ಕರು. ನಾನು ನಿಪ್ಪಾಣಿಯವನು ಅಂದ ಕೂಡಲೇ ಅವರ ದನಿ ಬದಲಾಯಿತು. "ನಮ್ಮವರ ಅದೀರಿ, ಮತ್ತ ನನಗೇನ್ ಚಿಂತಿ" ಅಂದರು. ದಿನಕ್ಕೆ ನಾಲ್ಕೈದು ಸಲ ಮಾತಾಡಿದೆವು. ಪ್ರತಿ ಸಲ ಅವರು ಮಗನನ್ನು ಮನೆಯ ಹೆಸರಿನಲ್ಲೇ ಕರೆಯುತ್ತಿದ್ದರು. ಸೊಸೆಯ ಹೆಬ್ಬೆಟ್ಟು ಒತ್ತಿದ ಒಪ್ಪಿಗೆ ಪತ್ರ ಸಂಕೇಶ್ವರದ ಅಂಗಡಿಯಿಂದ ಫ್ಯಾಕ್ಸ್ ಆಗಿ ಬಂತು. ಅದರಲ್ಲೂ ಮನೆಯ ಹೆಸರೇ.

ಮಂಗಳವಾರ ಸಂಜೆ ಅವರು ಒಂದು ಮಾತು ಕೇಳಿದರು. ಬಹಳ ಹಿಂದೆ ಮುಂದೆ ನೋಡಿ ಕೇಳಿದರು.

"ಸಾಹೇಬ್ರ, ಅಂವನ್ನ ಕುಂದರಸಾಕ ಬರ್ತೈತೇನ್ರಿ?"

ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಲಿಂಗಾಯತರಲ್ಲಿ ಹೆಣವನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಸತ್ತ ಕೆಲವು ಗಂಟೆಗಳಲ್ಲಿ ಕಾಲು ಮಡಚಿ ಪದ್ಮಾಸನಕ್ಕೆ ಕೂರಿಸಿ, ಗೋಡೆಗೆ ಒರಗಿಸಿ, ವಿಭೂತಿ ಹಚ್ಚುವುದು. ನಮ್ಮ ಅಜ್ಜನನ್ನೂ ಹಾಗೇ ಕೂರಿಸಿದ್ದನ್ನು ನೋಡಿದ್ದೇನೆ. ಈ ಪ್ರಶ್ನೆಗೆ ಯಾವ ಕಾನ್ಸುಲರ್ ಕೈಪಿಡಿಯಲ್ಲೂ ಉತ್ತರ ಇಲ್ಲ.

ಶವಾಗಾರಕ್ಕೆ ಹೋದೆ. ಅಲ್ಲಿ ಕೆಲಸದಲ್ಲಿದ್ದವರು ಒಬ್ಬ ಮಲಯಾಳಿ. ವಿಷಯ ಕೇಳಿ ಅವರು ನಗಲಿಲ್ಲ, ನನಗೆ ಅದೇ ಸಮಾಧಾನ. ಎಂಬಾಮಿಂಗ್ ಆಗಿಹೋಗಿದೆ, ಔಷಧಿ ಏರಿದ ಮೇಲೆ ಮೈ ಕಟ್ಟಿಗೆಯಂತೆ ಬಿಗಿಯುತ್ತದೆ, ಈಗ ಮಡಚಲು ಹೋದರೆ ಮುರಿಯಬೇಕಾಗುತ್ತದೆ ಅಂದರು. ಪೆಟ್ಟಿಗೆಯೂ ಉದ್ದದ್ದೇ ಇರುವುದು.

ಹೊರಗೆ ಬಂದು ಕಾರಿನಲ್ಲಿ ಕೂತು ಫೋನ್ ಮಾಡಿದೆ. ಆಗುವುದಿಲ್ಲ ಅಂತ ಹೇಳಿದೆ. ಮುರಿಯುವ ಮಾತು ಹೇಳಲಿಲ್ಲ. ಆ ಕಡೆ ಸುಮಾರು ಹೊತ್ತು ಮಾತಿಲ್ಲ. ಎಲ್ಲೋ ಎಮ್ಮೆ ಒದರುವುದು ಕೇಳುತ್ತಿತ್ತು. ಆಮೇಲೆ ಅವರು ಅಂದರು:

"ಇರ್ಲಿ ಬಿಡ್ರಿ. ಮಕ್ಕೊಳ್ಳಿ. ದಣದಾನ."

ಗುರುವಾರ ಬರುತ್ತದೆ ಅಂತ ಹೇಳಿದ್ದೆ. ಬರಲಿಲ್ಲ. ತಪ್ಪು ನನ್ನದೇ. ಎರಡು ದಿನ ಕಿವಿಯಲ್ಲಿ ಆ ಮನೆಯ ಹೆಸರೇ ತುಂಬಿತ್ತಲ್ಲ, ನಮ್ಮ ಪತ್ರದಲ್ಲಿ ಪಾಸ್‌ಪೋರ್ಟಿನ ಹೆಸರಿನ ಬದಲು ಅದನ್ನೇ ಟೈಪ್ ಮಾಡಿಬಿಟ್ಟಿದ್ದೆ. ಇಪ್ಪತ್ತು ವರ್ಷ ಬೇರೆಯವರ ಕಾಗದದಲ್ಲಿ ಇದೇ ತಪ್ಪು ಹುಡುಕಿ ಹುಡುಕಿ ವಾಪಸ್ ಕೊಟ್ಟವನು ನಾನು. ಬುಧವಾರ ಸಂಜೆ ಕಾರ್ಗೋದವರು ಎರಡು ಹೆಸರು ನೋಡಿ ಪೆಟ್ಟಿಗೆ ತಗೊಳ್ಳಲಿಲ್ಲ. ಸರಿಯೇ. ನಮ್ಮ ಪತ್ರವನ್ನು ರಾತ್ರಿಯೇ ಬದಲಿಸಿದೆ. ಆದರೆ ಅದರ ಆಧಾರದ ಮೇಲೆ ಆಗಿದ್ದ ಸ್ಥಳೀಯ ಕಾಗದವನ್ನೂ ಬದಲಿಸಬೇಕಿತ್ತು. ಒಮಾನಿನಲ್ಲಿ ಆಗ ವಾರದ ರಜೆ ಗುರುವಾರ, ಶುಕ್ರವಾರ. ಶನಿವಾರ ಬಾಗಿಲು ತೆರೆಯುವವರೆಗೆ ಕಾಯಬೇಕಾಯಿತು. ಅಲ್ಲಿ ಹಳ್ಳಿಯಲ್ಲಿ ಕುಣಿ ತೋಡಿ ಆಗಿತ್ತು. ಬೀಗರು, ನೆಂಟರು ಬಂದು ಕೂತಿದ್ದರು. ಅವನ ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಶನಿವಾರ ರಾತ್ರಿ ಪೆಟ್ಟಿಗೆ ಹಾರಿತು, ಭಾನುವಾರ ಬೆಳಿಗ್ಗೆ ಮುಂಬೈ. ಅಲ್ಲಿಂದ ಆಂಬುಲೆನ್ಸ್, ಪುಣೆ, ಸಾತಾರಾ, ಕೊಲ್ಹಾಪುರ. ಹೆದ್ದಾರಿ ನಮ್ಮ ನಿಪ್ಪಾಣಿಯನ್ನು ದಾಟಿಯೇ ಹೋಗಬೇಕು. ನಾನು ಅಣ್ಣನಿಗೆ ಫೋನ್ ಮಾಡಿ ಗಾಡಿ ನಂಬರ್ ಕೊಟ್ಟೆ. ಅಣ್ಣ ರಾತ್ರಿ ಎಂಟರವರೆಗೆ ರಸ್ತೆ ಬದಿ ನಿಂತು, ಗಾಡಿ ನಿಲ್ಲಿಸಿ, ಡ್ರೈವರನಿಗೆ ಚಹಾ ಕುಡಿಸಿ, ಪೆಟ್ಟಿಗೆಗೆ ಒಂದು ಹಾರ ಹಾಕಿ ಕಳಿಸಿದ. "ನಿನ್ನ ಹೆಸರಿಲೆ ಹಾಕೀನಿ" ಅಂದ. ಇದೇ ಅಣ್ಣ ಬೀಗರ ಮನೆಯಲ್ಲಿ ನನ್ನನ್ನು ಅಂಬಾಸಿಡರ್ ಮಾಡಿದ್ದು.

ಮುಗಿಯಲಿಲ್ಲ. ಬಾಕಿ ಸಂಬಳ, ಪರಿಹಾರದ ದುಡ್ಡು ಕಂಪನಿಯಿಂದ ಬರಲು ಒಂದು ವರ್ಷ ಮೇಲೆ ಹಿಡಿಯಿತು. ಅಂಥ ದುಡ್ಡನ್ನು ಎಂಬೆಸಿ ಜಿಲ್ಲಾಧಿಕಾರಿಗೆ ಕಳಿಸುತ್ತದೆ, ಅವರು ವಾರಸುದಾರರಿಗೆ ಕೊಡುತ್ತಾರೆ. ಅಲ್ಲಿ ಮತ್ತೆ ಸಿಕ್ಕಿಕೊಂಡಿತು. ಸತ್ತವನ ಹೆಸರು ಒಂದು, ವಾರಸಾ ಕಾಗದದಲ್ಲಿ ಗಂಡನ ಹೆಸರು ಇನ್ನೊಂದು. ಈ ಎರಡೂ ಹೆಸರು ಒಬ್ಬನವೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಲು ಆ ಹೆಣ್ಣುಮಗಳು ಮೂರು ಸಲ ಹುಕ್ಕೇರಿಗೆ ಓಡಾಡಿದಳು. ಕೊನೆಗೆ ದುಡ್ಡು ಸಿಕ್ಕಿತು. ಅವಳು ಎರಡು ಎಮ್ಮೆ ಕಟ್ಟಿದಳು ಅಂತ ಮಾವ ಫೋನ್ ಮಾಡಿ ಹೇಳಿದರು.

ಈಗ ಇದೆಲ್ಲ ಸ್ವಲ್ಪ ಸಲೀಸಾಗಿದೆ. 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಕೈಲಾಗದವರ ಹೆಣ ಕಳಿಸುವ ಖರ್ಚು ಕೊಡುತ್ತಾರೆ. ದೂರು ಕೊಡಲು 2015ರಿಂದ 'ಮದದ್' ಪೋರ್ಟಲ್ ಇದೆ. ಆದರೆ ಪೋರ್ಟಲ್‌ನಲ್ಲೂ ಮೊದಲ ಖಾನೆ ಹೆಸರಿನದೇ.

ನಿವೃತ್ತಿ ಆದ ಮೇಲೆ ನಿಪ್ಪಾಣಿಯ ಮನೆಗೆ ಬಂದಿದ್ದೇನೆ. ಹೊರಗೆ ಕಟ್ಟೆ ಇದೆ. ವಾರಕ್ಕೆ ಒಬ್ಬರೋ ಇಬ್ಬರೋ ಫಾರ್ಮು ಹಿಡಿದು ಬರುತ್ತಾರೆ. "ಕಾಕಾ, ಇಷ್ಟು ನೋಡ್ರಿ." ನಾನು ಕನ್ನಡಕ ಹಾಕಿ ನೋಡುತ್ತೇನೆ. ಹತ್ತನೇ ಪಾಸಾಗದವನಾದರೆ ಪಾಸ್‌ಪೋರ್ಟಿನಲ್ಲಿ ಇಸಿಆರ್ ಅಂತ ಬರುತ್ತದೆ, ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುಂಚೆ ಎಮಿಗ್ರೇಶನ್ ಅನುಮತಿ ಬೇಕು ಅಂತ ಹೇಳುತ್ತೇನೆ. ಏಜೆಂಟನ ಲೈಸೆನ್ಸ್ ನಂಬರ್ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯೋ ನೋಡು, ವಿಸಿಟ್ ವೀಸಾದಲ್ಲಿ ಕಳಿಸಿ ಅಲ್ಲಿ ಬದಲಿಸುತ್ತೇನೆ ಅಂದರೆ ಹೋಗಬೇಡ ಅಂತ ಬೈಯುತ್ತೇನೆ. ಅರ್ಧ ಜನ ಕೇಳುತ್ತಾರೆ.

ಮೊನ್ನೆ ಒಬ್ಬ ಹುಡುಗ ಬಂದಿದ್ದ. ಎಸಿ ರಿಪೇರಿ ಕೆಲಸ ಕಲಿತವನು, ಮಸ್ಕತ್‌ಗೆ ಹೊರಟಿದ್ದಾನೆ. ಕಾಗದ ಎಲ್ಲ ಸರಿ ಇತ್ತು. ಮಾರ್ಕ್ಸ್ ಕಾರ್ಡು, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಒಂದೇ ಹೆಸರು, ಒಂದೇ ಸ್ಪೆಲ್ಲಿಂಗ್. ಇಷ್ಟು ಅಚ್ಚುಕಟ್ಟು ನಾನು ನೋಡಿದ್ದೇ ಕಡಿಮೆ.

"ಮನ್ಯಾಗ ಏನಂತ ಕರೀತಾರ ನಿನಗ?" ಅಂತ ಕೇಳಿದೆ.

ಅವನಿಗೆ ನಾಚಿಕೆ. "ಅದ್ಯಾಕ್ರಿ ಕಾಕಾ, ಬಿಡ್ರಿ."

"ಹೇಳೋ."

"ಗುಂಡ್ಯಾ ಅಂತಾರ್ರಿ."

ಝೆರಾಕ್ಸ್ ಪ್ರತಿಯ ಹಿಂದೆ ಅವರ ಅವ್ವನ ಫೋನ್ ನಂಬರ್ ಬರೆಸಿಕೊಂಡೆ. ಅದರ ಪಕ್ಕ ಪೆನ್ಸಿಲ್‌ನಲ್ಲಿ ಗುಂಡ್ಯಾ ಅಂತ ಬರೆದು ಟ್ರಂಕಿನಲ್ಲಿ ಇಟ್ಟಿದ್ದೇನೆ.